ಹಾಯಿದೋಣಿಗೆ ಬ್ರೇಕಿಲ್ಲ

1786ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಕವಿ ಗಯಟೆ ಇಟಲಿಯ ಗಾರ್ಡಾ ಸರೋವರದ ಉತ್ತರ ತುದಿಯಲ್ಲಿರುವ ಟೋರ್ಬೊಲೆಯಿಂದ ನಸುಕಿನಲ್ಲೇ ದೋಣಿ ಹತ್ತಿದ. ಹೋಗಬೇಕಾದದ್ದು ದಕ್ಷಿಣಕ್ಕೆ, ಗಾಳಿಯೂ ಬೆನ್ನಿಗೇ ಇತ್ತು. ದಾರಿಯಲ್ಲಿ ಅದು ತಿರುಗಿ ಎದುರಾಯಿತು. ಹುಟ್ಟು ಹಾಕಿ ಸಾಕಾದ ಅಂಬಿಗರು ಮಾಲ್ಚೆಸಿನೆ ಎಂಬ ಊರಿನಲ್ಲಿ ದೋಣಿ ದಡಕ್ಕೆ ಹಚ್ಚಿದರು. ಅಲ್ಲಿನ ಹಳೇ ಕೋಟೆಯ ಚಿತ್ರ ಬರೆಯುತ್ತ ಕೂತ ಕವಿಯನ್ನು ಊರವರು ಗೂಢಚಾರನೆಂದು ಸುತ್ತುಗಟ್ಟಿದ ಕಥೆ ಸಾಹಿತ್ಯ ಓದಿದವರಿಗೆ ಗೊತ್ತು. ದೋಣಿ ನಡೆಸುವವರಿಗೆ ಬೇಕಾದದ್ದು ಆ ಕಥೆಯ ಮೊದಲರ್ಧ. ಗಾರ್ಡಾದಲ್ಲಿ ಈಗಲೂ ಗಾಳಿಯ ದಿನಚರಿ ಹಾಗೇ ಇದೆ. ರಾತ್ರಿಯಿಂದ ಬೆಳಗಿನ ಹೊತ್ತಿನವರೆಗೆ ಉತ್ತರದ ಬೆಟ್ಟಗಳಿಂದ ಇಳಿದು ಬರುವುದು ಪೆಲೆರ್. ಬಿಸಿಲೇರಿ ಬೆಟ್ಟದ ಮೈ ಕಾದು ಗಾಳಿ ಮೇಲಕ್ಕೆದ್ದ ಮೇಲೆ ದಕ್ಷಿಣದ ಬಯಲಿಂದ ಒಳನುಗ್ಗುವುದು ಓರಾ. ಬೇಸಿಗೆಯಲ್ಲಿ ದಿನ ತಪ್ಪದೆ ಬರುವ ಈ ಎರಡು ಗಾಳಿಗಳಿಂದಾಗಿಯೇ ಆ ಸರೋವರ ಹಾಯಿದೋಣಿಯವರ ಯಾತ್ರಾಸ್ಥಳವಾಗಿದೆ. ಅದೇ ಕಾರಣಕ್ಕೆ, ಬೆಳಗ್ಗೆ ಒಂದು ಜೆಟ್ಟಿಗೆ ಸರಿಯಾಗಿ ಕಟ್ಟಿದ ದೋಣಿ ಮಧ್ಯಾಹ್ನದ ಹೊತ್ತಿಗೆ ತಪ್ಪು ಕಡೆ ಕಟ್ಟಿದಂತಾಗುತ್ತದೆ.

ಗಾಳಿ ಬೀಸುವ ಸರೋವರದಲ್ಲಿ ಚಿಕ್ಕ ಹಾಯಿದೋಣಿಯನ್ನು ನಿಲ್ಲಿಸುವುದು ಹೇಗೆ, ನಿಂತದ್ದನ್ನು ಕಟ್ಟುವುದು ಹೇಗೆ ಎಂಬುದರ ಬಗ್ಗೆ ಬರೆದಿರುವ ಪುಸ್ತಕಗಳು ಬೇಕಾದಷ್ಟಿವೆ. ಹೆಚ್ಚಿನವು ಸಮುದ್ರದ ಅನುಭವದಿಂದ ಹುಟ್ಟಿದವು. ಅವುಗಳಲ್ಲಿ ಭರತ ಇಳಿತದ ಲೆಕ್ಕ ಇರುತ್ತದೆ, ಗಂಟೆಗಟ್ಟಲೆ ಒಂದೇ ದಿಕ್ಕಿನಿಂದ ಬೀಸುವ ಗಾಳಿಯ ಭರವಸೆ ಇರುತ್ತದೆ. ಸರೋವರದ ಗಾಳಿ ಅಷ್ಟು ನೇರ ಸ್ವಭಾವದ್ದಲ್ಲ. ಸುತ್ತಲಿನ ಗುಡ್ಡ, ಕಟ್ಟಡ, ಮರಗಳ ಸಾಲು ಅದನ್ನು ಒಡೆದು ಕಳಿಸುತ್ತವೆ. ದಡಕ್ಕೆ ಹತ್ತಿರವಾದಷ್ಟೂ ಅದರ ದಿಕ್ಕು ಚಂಚಲ. ದೋಣಿ ನಿಲ್ಲಿಸಬೇಕಾದದ್ದು ಅಲ್ಲಿಯೇ. ಅಲೆಗಳ ಕಥೆಯೂ ಬೇರೆ. ಗಾಳಿ ನೀರಿನ ಮೇಲೆ ಓಡಲು ಸಿಗುವ ದೂರ ಕಡಿಮೆಯಾದ್ದರಿಂದ ಅಲೆ ಎತ್ತರ ಬೆಳೆಯುವುದಿಲ್ಲ, ಆದರೆ ಒಂದರ ಹಿಂದೊಂದು ಒತ್ತಾಗಿ, ಕಡಿದಾಗಿ ಬರುತ್ತದೆ. ದೊಡ್ಡ ಹಡಗಿಗೆ ಲೆಕ್ಕಕ್ಕೇ ಇಲ್ಲದ ಅಲೆ ಆರು ಮೀಟರ್ ದೋಣಿಯ ಮೂತಿಯನ್ನು ನಿಮಿಷಕ್ಕೆ ಹತ್ತಾರು ಸಲ ಎತ್ತಿ ಕುಕ್ಕುತ್ತದೆ. ಆದ್ದರಿಂದ ದೋಣಿ ಕಟ್ಟುವ ವಿದ್ಯೆಯನ್ನು ಒಂದು ಸರೋವರದಿಂದ ಇನ್ನೊಂದಕ್ಕೆ ಹಾಗ್ಹಾಗೇ ಹೊತ್ತೊಯ್ಯಲು ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೊಂದು ಊರಿನ ರೂಢಿಯೂ ಅಲ್ಲಿನ ಗಾಳಿ ಕಲಿಸಿದ್ದು.

ಎಲ್ಲ ಕಡೆಗೂ ಸಲ್ಲುವ ಮಾತು ಒಂದಿಷ್ಟಿದೆ, ಅದನ್ನು ಮೊದಲು ಮುಗಿಸೋಣ. ಹಾಯಿದೋಣಿಗೆ ಬ್ರೇಕಿಲ್ಲ. ಹಾಯಿಯಿಂದ ಗಾಳಿ ಬಿಡಬಹುದು, ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಬಹುದು, ಅಷ್ಟೆ. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿಯುತ್ತಿದ್ದಾಗ ಮಾತ್ರ. ಅಂದರೆ ದೋಣಿ ನಿಂತ ಕ್ಷಣದಲ್ಲೇ ನಡೆಸುವವನ ಹಿಡಿತವೂ ತಪ್ಪುತ್ತದೆ, ಅಲ್ಲಿಂದ ಮುಂದೆ ಗಾಳಿಯದೇ ಯಜಮಾನಿಕೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ಗಾಳಿಯಲ್ಲಿ, ಹಾಯಿ ಇಳಿಸಿದ ಮೇಲೂ, ನಾಲ್ಕು ಚದರ ಮೀಟರ್ ಮೈಯೊಡ್ಡಿ ನಿಂತ ದೋಣಿಯ ಮೇಲೆ ಬೀಳುವ ತಳ್ಳು ಸುಮಾರು 25 ಕಿಲೋ ತೂಕದಷ್ಟು. ಒಬ್ಬ ಮನುಷ್ಯ ಹಗ್ಗ ಹಿಡಿದು ತಡೆಯಬಹುದು. ಅದೇ ಗಾಳಿ 72ಕ್ಕೇರಿದರೆ ನೂರು ಕಿಲೋದ ಹತ್ತಿರ, ಅದರ ಮೇಲೆ ಅಲೆಯ ಜಗ್ಗು ಬೇರೆ. ಆಗ ಕೈ ಸಾಲದು, ಗೂಟ ಬೇಕು.

ಜೆಟ್ಟಿಗೆ ಹಚ್ಚುವುದಕ್ಕಿಂತ ನೀರಿನ ನಡುವೆ ತೇಲುವ ಬೋಯಕ್ಕೆ ಕಟ್ಟುವುದು ಸುಲಭ. ಬೋಯಕ್ಕೆ ಡಿಕ್ಕಿ ಹೊಡೆದರೂ ಏನೂ ಆಗುವುದಿಲ್ಲ, ಸುತ್ತ ತಿರುಗಲು ಜಾಗವಿರುತ್ತದೆ, ಕಟ್ಟಿದ ಮೇಲೆ ದೋಣಿ ತಾನಾಗಿ ಗಾಳಿಗೆ ಮೂತಿ ಮಾಡಿ ನಿಲ್ಲುತ್ತದೆ. ಹಾಯಿ ಶಾಲೆಗಳು ಕಲಿಸುವ ಕ್ರಮ ಇಷ್ಟು: ಬೋಯದ ಗಾಳಿ ಹೋಗುವ ಕಡೆಗೆ ಇಳಿದು, ಅಲ್ಲಿಂದ ಗಾಳಿಗೆ ಓರೆಯಾಗಿ, ಸುಮಾರು 60 ಡಿಗ್ರಿ ಕೋನದಲ್ಲಿ ಏರಿ ಬರಬೇಕು. ಈ ಕೋನಕ್ಕೆ ಕಾರಣವಿದೆ. ನೇರ ಗಾಳಿಗೆದುರು ಬಂದರೆ ದಾರಿಯಲ್ಲೇ ವೇಗ ಸತ್ತುಹೋದಾಗ ಹಾಯಿಗೆ ಮತ್ತೆ ಗಾಳಿ ತುಂಬಲು ಬರುವುದಿಲ್ಲ. ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಬಂದರೆ ಇನ್ನೂ ಕೆಟ್ಟದ್ದು. ಹಾಯಿಯನ್ನು ಎಷ್ಟು ಬಿಟ್ಟರೂ ಅದರ ಅಡಿಮರ ಹಾಯಿಕಂಬವನ್ನು ಬಿಗಿದ ತಂತಿಗೆ ತಾಗಿ ನಿಲ್ಲುತ್ತದೆ, ಗಾಳಿ ಖಾಲಿಯಾಗುವುದೇ ಇಲ್ಲ. ಓರೆ ಕೋನದಲ್ಲಿ ಮಾತ್ರ ಹಗ್ಗ ಬಿಟ್ಟರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಧಾನವಾಗುತ್ತದೆ, ಎಳೆದರೆ ಮತ್ತೆ ಓಡುತ್ತದೆ. ಸರಿಯಾದ ಕೋನಕ್ಕೆ ಬಂದಿದ್ದೇವೋ ಇಲ್ಲವೋ ಎಂದು ತಿಳಿಯಲು ದೂರದಲ್ಲೇ ಒಮ್ಮೆ ಹಗ್ಗ ಬಿಟ್ಟು ನೋಡಬೇಕು. ಹಾಯಿ ಪೂರ್ತಿ ಬಡಿದುಕೊಂಡರೆ ಸರಿ, ಅರ್ಧ ಉಬ್ಬಿಯೇ ಉಳಿದರೆ ಇನ್ನಷ್ಟು ಕೆಳಗಿಳಿದು ಬರಬೇಕು.

ಕೊನೆಯ ಎರಡು ಮೂರು ದೋಣಿಯುದ್ದದಲ್ಲಿ ಮೂತಿಯನ್ನು ನೇರ ಗಾಳಿಗೆ ತಿರುಗಿಸಿ, ಉಳಿದ ಓಟದಲ್ಲೇ ಬೋಯ ಮುಟ್ಟಬೇಕು. ಎಷ್ಟು ದೂರದಲ್ಲಿ ತಿರುಗಿಸಬೇಕು ಎಂಬುದು ದೋಣಿಯ ತೂಕಕ್ಕೆ ಬಿಟ್ಟದ್ದು. ಸೀಸದ ಅಡಿತೂಕವಿರುವ ಒಂದು ಟನ್ ದೋಣಿ ಜಾರುತ್ತಲೇ ಹೋಗುತ್ತದೆ. ಹಗುರ ಡಿಂಗಿ ಜೋರು ಗಾಳಿಯಲ್ಲಿ ತಿರುಗಿಸಿದಲ್ಲೇ ನಿಂತುಬಿಡುತ್ತದೆ. ಬೋಯ ಕೈಗೆ ಸಿಗದೆ ದೋಣಿ ಹಿಂದಕ್ಕೆ ಸರಿಯತೊಡಗಿದರೆ ಚುಕ್ಕಾಣಿ ಉಲ್ಟಾ ಕೆಲಸ ಮಾಡುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಬಗ್ಗಿ ಕೈಚಾಚಿ ಹಿಡಿಯಲು ಹೋಗಿ ನೀರಿಗೆ ಬೀಳುವವರೂ ಇವರೇ. ಸಿಗಲಿಲ್ಲವೋ, ಬಿಟ್ಟುಬಿಟ್ಟು ಇನ್ನೊಂದು ಸುತ್ತು ಹಾಕುವುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸರೋವರದಲ್ಲಿ ಒಂದು ಅನುಕೂಲವೂ ಉಂಟು: ಭರತದ ಸೆಳೆತ ಇಲ್ಲದ್ದರಿಂದ ಆಗಲೇ ಕಟ್ಟಿರುವ ದೋಣಿಗಳೆಲ್ಲ ಗಾಳಿಯ ಕಡೆಗೇ ಮುಖ ಮಾಡಿರುತ್ತವೆ. ಧ್ವಜ ಹುಡುಕಬೇಕಿಲ್ಲ, ಆ ಜಾಗದ ಗಾಳಿ ಎತ್ತಲಿಂದ ಎಂದು ಅವೇ ಹೇಳುತ್ತವೆ.

ಜೆಟ್ಟಿಯ ವಿಷಯದಲ್ಲಿ ಜಗಳಗಳು ಶುರುವಾಗುತ್ತವೆ. ಗಾಳಿ ಜೆಟ್ಟಿಯ ಉದ್ದಕ್ಕೆ ಸಮಾನಾಂತರವಾಗಿ ಬೀಸುತ್ತಿದ್ದರೆ ಗಾಳಿಗೆದುರಾಗಿ ಬಂದು ಪಕ್ಕದಲ್ಲಿ ನಿಂತರಾಯಿತು, ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಗಾಳಿ ಜೆಟ್ಟಿಯಿಂದ ಆಚೆಗೆ ತಳ್ಳುತ್ತಿದ್ದರೆ ಓರೆಯಾಗಿ ಮೂತಿ ತೂರಿಸಿ ಬೇಗ ಒಂದು ಹಗ್ಗ ಹಾಕಿಬಿಡಬೇಕು. ತಡವಾದರೆ ಮತ್ತೆ ನೀರ ನಡುವಿಗೇ ಹೋಗುತ್ತೀರಿ, ನಷ್ಟವೇನಿಲ್ಲ. ನಿಜವಾದ ಅಪಾಯ ಗಾಳಿ ಜೆಟ್ಟಿಯ ಮೇಲಕ್ಕೇ ಒತ್ತುವಾಗ. ಹೊಸಬರಿಗೆ ಇದೇ ಸುಲಭವೆನಿಸುತ್ತದೆ, ಗಾಳಿಯೇ ತಂದು ಮುಟ್ಟಿಸುತ್ತದಲ್ಲ ಎಂದು. ಮುಟ್ಟಿಸುತ್ತದೆ, ಹೌದು, ಆದರೆ ಎಷ್ಟು ರಭಸದಿಂದ ಎಂದು ನಮ್ಮನ್ನು ಕೇಳುವುದಿಲ್ಲ. ಮುಟ್ಟಿದ ಮೇಲೆ ಪ್ರತಿ ಅಲೆಗೂ ದೋಣಿಯ ಪಕ್ಕ ಮರಕ್ಕೋ ಕಾಂಕ್ರೀಟಿಗೋ ತಿಕ್ಕುತ್ತದೆ. ಅಲ್ಲಿಂದ ಹಾಯಿ ಬಿಚ್ಚಿ ಹೊರಡುವುದಂತೂ ಹೆಚ್ಚುಕಡಿಮೆ ಅಸಾಧ್ಯ. ಇಂಥಲ್ಲಿ ಅನುಭವಸ್ಥರು ಜೆಟ್ಟಿಯಿಂದ ದೂರದಲ್ಲಿ, ಗಾಳಿ ಬರುವ ಕಡೆ ದೋಣಿ ನಿಲ್ಲಿಸಿ, ದೊಡ್ಡ ಹಾಯಿ ಇಳಿಸಿ, ಮುಂದಿನ ಚಿಕ್ಕ ಹಾಯಿಯಲ್ಲೋ ಬರಿಗಂಬದಲ್ಲೋ ಮೆಲ್ಲಗೆ ತೇಲಿ ಬರುತ್ತಾರೆ. ಇನ್ನೂ ಜಾಣರು ದೂರದಲ್ಲೇ ಲಂಗರು ಬಿಟ್ಟು ಅದರ ಹಗ್ಗವನ್ನು ಸಡಿಲಿಸುತ್ತ ಹಿಂದಕ್ಕೆ ಸರಿದು ಜೆಟ್ಟಿಗೆ ಹತ್ತಿರವಾಗುತ್ತಾರೆ. ಹೊರಡುವಾಗ ಅದೇ ಹಗ್ಗ ಎಳೆದುಕೊಂಡರೆ ದೋಣಿ ತಾನಾಗಿ ಆಚೆಗೆ ಬರುತ್ತದೆ. ಹೆಚ್ಚಿನವರು ಈ ಉಪಾಯವನ್ನು ಹಳೇ ಕಾಲದ್ದೆಂದು ಬಿಟ್ಟಿದ್ದಾರೆ. ಬಿಡಬಾರದಿತ್ತು.

ಇದಕ್ಕೆಲ್ಲ ಮೋಟಾರು ಉತ್ತರವಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ಉತ್ತರ. ಚಿಕ್ಕ ದೋಣಿಯ ಹಿಂಬದಿಗೆ ನೇತುಹಾಕಿದ ಔಟ್‌ಬೋರ್ಡ್ ಮೋಟಾರಿನ ಫ್ಯಾನು ಕಡಿದಾದ ಅಲೆಯಲ್ಲಿ ನೀರಿನಿಂದ ಮೇಲಕ್ಕೇಳುತ್ತದೆ, ಆ ಹೊತ್ತಿಗೆ ಅದು ಇದ್ದೂ ಇಲ್ಲದಂತೆ. ಹಾಯಿ ಇಳಿಸಿ ಮಡಚಿಟ್ಟು ಜೆಟ್ಟಿಯಿಂದ ಹತ್ತು ಮೀಟರ್ ದೂರದಲ್ಲಿರುವಾಗ ಮೋಟಾರು ನಿಂತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೋಟಾರಿನಲ್ಲೇ ಬಂದರೂ ಹಾಯಿ ಎತ್ತುವ ಹಗ್ಗ ಸಿದ್ಧವಾಗಿರಲಿ, ಲಂಗರು ಕೈಗೆ ಸಿಗುವಂತಿರಲಿ ಎನ್ನುವುದು ಅದಕ್ಕೇ. ಗಾರ್ಡಾದ ಉತ್ತರ ಭಾಗ ಸೇರಿರುವ ಟ್ರೆಂಟಿನೊ ಪ್ರಾಂತದಲ್ಲಿ ಮೋಟಾರ್‌ಬೋಟುಗಳಿಗೆ ನಿಷೇಧವಿದೆ. ಅಲ್ಲಿ ಎಳೆಯ ಮಕ್ಕಳೂ ಹಾಯಿಯಲ್ಲೇ ದಡ ಸೇರುವುದನ್ನು ಕಲಿತಿರುತ್ತಾರೆ.

ಈಗ ಹಗ್ಗದ ಮಾತು. ಗಾಳಿಯ ದಿನ ಯಾವುದೇ ಜೆಟ್ಟಿಯಲ್ಲಿ ಅರ್ಧ ಗಂಟೆ ನಿಂತರೆ ಒಂದು ದೃಶ್ಯ ಕಾಣಸಿಗುತ್ತದೆ. ದೋಣಿ ಬರುತ್ತದೆ. ದಡದಲ್ಲಿದ್ದ ಉಪಕಾರಿಯೊಬ್ಬ ‘ಹಗ್ಗ ಎಸೀರಿ’ ಎನ್ನುತ್ತಾನೆ. ಮೂತಿಯ ಹಗ್ಗ ಅವನ ಕೈಗೆ ಹೋಗುತ್ತದೆ. ಅವನು ಕಾಲೂರಿ ಮೈಯೆಲ್ಲ ಬಲ ಹಾಕಿ ಎಳೆಯುತ್ತಾನೆ. ಮೂತಿ ಗಕ್ಕನೆ ಒಳಕ್ಕೆ ತಿರುಗಿ ಜೆಟ್ಟಿಗೆ ಬಡಿಯುತ್ತದೆ, ಹಿಂಬದಿ ಹೊರಕ್ಕೆ ಬೀಸಿ ಪಕ್ಕದ ದೋಣಿಗೆ ತಾಗುತ್ತದೆ. ದೋಣಿಯಲ್ಲಿದ್ದವನು ‘ಎಳೀಬೇಡಿ, ಸುತ್ತಿ ಸಾಕು’ ಎಂದು ಕೂಗಿದ್ದು ಗಾಳಿಗೆ ಹಾರಿಹೋಗಿರುತ್ತದೆ. ದೋಣಿಯ ನಡುಭಾಗದಿಂದ ಒಂದು ಗಿಡ್ಡ ಹಗ್ಗ ಮೊದಲು ಹಾಕಬೇಕು ಎಂದು ಈಗಿನ ಬೋಧಕರಲ್ಲಿ ಅನೇಕರು ಹೇಳುವುದು ಇದೇ ಕಾರಣಕ್ಕೆ. ನಡುವಿನ ಹಗ್ಗಕ್ಕೆ ಮೂತಿಯನ್ನಾಗಲಿ ಹಿಂಬದಿಯನ್ನಾಗಲಿ ತಿರುಗಿಸುವ ಶಕ್ತಿ ಕಡಿಮೆ, ಅದು ದೋಣಿಯನ್ನು ಇದ್ದಲ್ಲೇ ತಡೆಯುತ್ತದೆ. ಜೆಟ್ಟಿಯ ಮೇಲಿರುವವನ ಕೆಲಸ ಕ್ಲೀಟಿಗೆ, ಅಂದರೆ ಎರಡು ಕೊಂಬಿನ ಆ ಗೂಟಕ್ಕೆ, ಒಂದು ಪೂರ್ತಿ ಸುತ್ತು ಹಾಕಿ ಹಗ್ಗವನ್ನು ತಿಕ್ಕಾಟದಲ್ಲಿ ಸ್ವಲ್ಪಸ್ವಲ್ಪವೇ ಬಿಡುವುದು. ದೋಣಿ ನಿಂತ ಮೇಲೆ ಕೊಂಬುಗಳಿಗೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆಗೆ ಒಂದೇ ಒಂದು ಮಡಿಕೆ ತಿರುವಿ ಹಾಕಿದರೆ ಸಾಕು. ಭಯಕ್ಕೆ ನಾಲ್ಕೈದು ಮಡಿಕೆ ಹಾಕುವವರಿದ್ದಾರೆ. ಅಷ್ಟೂ ಬಿಗಿದುಕೊಂಡು, ಬಿರುಗಾಳಿಯಲ್ಲಿ ಬಿಚ್ಚಬೇಕಾದಾಗ ಚಾಕು ಹುಡುಕಬೇಕಾಗುತ್ತದೆ. ಡಿಕ್ಕಿ ತಪ್ಪಿಸಲು ಕಾಲು ಚಾಚುವುದು ಇನ್ನೊಂದು ಮೂರ್ಖತನ. ದೋಣಿಯ ಪಕ್ಕಕ್ಕೆ ನೇತುಬಿಡುವ ಮೆತ್ತೆ, ಅಂದರೆ ಫೆಂಡರ್, ಹರಿದರೆ ಅಂಗಡಿಯಲ್ಲಿ ಸಿಗುತ್ತದೆ. ಮಲ್ಪೆ, ಗಂಗೊಳ್ಳಿಯ ದಕ್ಕೆಗಳಲ್ಲಿ ಹಳೇ ಟಯರು ನೇತುಹಾಕುವ ನಮ್ಮವರ ಪದ್ಧತಿ ನೋಡಲು ಚಂದವಿಲ್ಲದಿದ್ದರೂ ಕೆಲಸಕ್ಕೆ ಏನೂ ಕಡಿಮೆಯಿಲ್ಲ, ಬಿಳಿ ದೋಣಿಗೆ ಕಪ್ಪು ಮೆತ್ತುತ್ತದೆ, ಅಷ್ಟೆ.

ಮೂತಿಗೊಂದು, ಹಿಂಬದಿಗೊಂದು ಹಗ್ಗ ಕಟ್ಟಿ ಹೊರಟುಹೋಗುವುದು ಸಾಮಾನ್ಯ. ಗಾಳಿಯ ಸರೋವರದಲ್ಲಿ ಅಷ್ಟು ಸಾಲದು. ಮೂತಿಯಿಂದ ಹಿಂದಕ್ಕೆ, ಹಿಂಬದಿಯಿಂದ ಮುಂದಕ್ಕೆ ಓರೆಯಾಗಿ ಹೋಗುವ ಎರಡು ಉದ್ದ ಹಗ್ಗಗಳೇ ದೋಣಿ ಹಿಂದೆಮುಂದೆ ಓಡಾಡದಂತೆ ತಡೆಯುವುದು. ಹಗ್ಗ ನೈಲಾನಿನದಾಗಿರಬೇಕು. ಹಾಯಿ ಎಳೆಯಲು ಹಿಗ್ಗದ ಹಗ್ಗ ಒಳ್ಳೆಯದು, ಕಟ್ಟಲು ಹಿಗ್ಗುವ ಹಗ್ಗವೇ ಒಳ್ಳೆಯದು, ಅಲೆಯ ಜಗ್ಗನ್ನು ಅದು ನುಂಗಿಕೊಳ್ಳುತ್ತದೆ. ಆದರೆ ಹಿಗ್ಗಿ ಕುಗ್ಗುವ ಹಗ್ಗ ದೋಣಿಯ ಅಂಚಿಗೆ ತಿಕ್ಕುವುದೂ ಹೆಚ್ಚು. ಬಿರುಗಾಳಿಯಲ್ಲಿ ಹಗ್ಗ ಕಡಿಯುವುದು ಎಳೆತಕ್ಕಿಂತ ಸವೆತದಿಂದ. ತಿಕ್ಕುವ ಜಾಗಕ್ಕೆ ತೋಟದ ಹಳೇ ಪೈಪಿನ ತುಂಡು ತೊಡಿಸುವ ರೂಢಿ ಹಲವು ದೇಶಗಳಲ್ಲಿದೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ವಸ್ತು, ಅತಿ ಹೆಚ್ಚು ಮರೆತುಹೋಗುವುದೂ ಅದೇ.

ಬೋಯದ ಕೆಳಗೆ ಏನಿದೆ ಎಂದು ವಿಚಾರಿಸುವವರು ಕಡಿಮೆ. ಸಾಮಾನ್ಯವಾಗಿ ಕಾಂಕ್ರೀಟ್ ಬ್ಲಾಕು. ಸುರಿಯುವುದು ಸುಲಭ, ಎಲ್ಲ ಕಡೆ ಸಿಗುತ್ತದೆ. ಆದರೆ ನೂರು ಕಿಲೋ ಕಾಂಕ್ರೀಟ್ ನೀರಿನೊಳಗೆ ತೂಗುವುದು ಐವತ್ತೆಂಟು ಕಿಲೋದಷ್ಟು ಮಾತ್ರ, ಸರಪಳಿ ಮೇಲ್ಮುಖವಾಗಿ ಜಗ್ಗತೊಡಗಿದರೆ ಅದೂ ಜಾರುತ್ತದೆ. ಅಣಬೆಯಾಕಾರದ ಲಂಗರು ಕೆಸರಿನಲ್ಲಿ ಹೂತುಕೊಂಡರೆ ಚೆನ್ನಾಗಿ ಹಿಡಿಯುತ್ತದೆ, ಮರಳು ಕಲ್ಲುಗಳ ತಳದಲ್ಲಿ ಸುಮ್ಮನೆ ಮಲಗಿರುತ್ತದೆ. ಸ್ಕಾಟ್ಲೆಂಡಿನ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ 1807ರಲ್ಲಿ ಬೆಲ್ ರಾಕ್ ಎಂಬ ಕಡಲಬಂಡೆಯ ಬಳಿಯ ದೀಪನೌಕೆಯನ್ನು ನಿಲ್ಲಿಸಲು ಬಳಸಿದ್ದು ಇಂಥದ್ದನ್ನೇ. ಇವೆರಡಕ್ಕಿಂತ ಮೇಲಿನದು ತಿರುಪಿನ ಲಂಗರು, ನೆಲದೊಳಕ್ಕೆ ತಿರುಗಿಸಿ ಇಳಿಸುವ ಉಕ್ಕಿನ ಸ್ಕ್ರೂ. ಇದಕ್ಕೆ 1833ರಲ್ಲಿ ಪೇಟೆಂಟ್ ಪಡೆದವನು ಬೆಲ್‌ಫಾಸ್ಟಿನ ಅಲೆಕ್ಸಾಂಡರ್ ಮಿಚೆಲ್. ಯೌವನದಲ್ಲೇ ಪೂರ್ತಿ ದೃಷ್ಟಿ ಕಳೆದುಕೊಂಡಿದ್ದ ಈ ಎಂಜಿನಿಯರ್ ಹಡಗು ನಿಲ್ಲಿಸಲೆಂದು ರೂಪಿಸಿದ ತಿರುಪಿನ ಮೇಲೆ ಮುಂದೆ ಥೇಮ್ಸ್ ನದೀಮುಖದ ಮ್ಯಾಪ್ಲಿನ್ ಸ್ಯಾಂಡ್ಸ್‌ನಂಥ ಮರಳದಿಣ್ಣೆಗಳಲ್ಲಿ ದೀಪಸ್ತಂಭಗಳೇ ನಿಂತವು. ತೂಕದ ಮೇಲೆ ನಂಬಿಕೆಯಿಡದೆ ನೆಲದ ಹಿಡಿತವನ್ನು ನಂಬುವ ಈ ವಿಧಾನ ಸರೋವರದ ಮೆದು ತಳಕ್ಕೆ ಹೇಳಿ ಮಾಡಿಸಿದ್ದು, ಹಾಕಿಸುವ ಖರ್ಚು ಹೆಚ್ಚಾದರೂ ಸರಿ. ಇನ್ನೊಂದು ಮಾತು: ಒಂದೇ ಹಗ್ಗದಲ್ಲಿ ನಿಂತ ಹಗುರ ದೋಣಿ ಜೋರು ಗಾಳಿಯಲ್ಲಿ ಗೂಟಕ್ಕೆ ಕಟ್ಟಿದ ಕರುವಿನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುತ್ತದೆ. ಪ್ರತಿ ಓಟದ ಕೊನೆಗೆ ಗಾಳಿಗೆ ಪಕ್ಕವೊಡ್ಡಿ ಜಗ್ಗುತ್ತದೆ. ಮೂತಿಯ ಎರಡೂ ಬದಿಯಿಂದ ಕವಲು ಹಗ್ಗ ಹಾಕಿದರೆ ಈ ಓಟ ಎಷ್ಟೋ ತಗ್ಗುತ್ತದೆ.

ಸರೋವರದಲ್ಲಿ ಭರತ ಇಳಿತವಿಲ್ಲ, ಆದ್ದರಿಂದ ಹಗ್ಗ ಗಿಡ್ಡ ಕಟ್ಟಿದರೂ ನಡೆಯುತ್ತದೆ ಎಂಬ ಮಾತು ಚಿಕ್ಕ ಕೆರೆಗೆ ಸರಿ. ಅಮೆರಿಕದ ಈರಿ ಸರೋವರದ ಮೇಲೆ ಉದ್ದಕ್ಕೂ ಬಿರುಗಾಳಿ ಬೀಸಿದಾಗ ನೀರೆಲ್ಲ ಒಂದು ತುದಿಗೆ ಒತ್ತಿಕೊಂಡು ಎರಡು ತುದಿಗಳಲ್ಲಿರುವ ಬಫಲೋಗೂ ಟೊಲಿಡೊಗೂ ನೀರಿನ ಮಟ್ಟದಲ್ಲಿ ಎರಡು ಮೀಟರ್‌ಗೂ ಮಿಕ್ಕಿ ವ್ಯತ್ಯಾಸವಾಗುತ್ತದೆ. ಗಾಳಿ ನಿಂತ ಮೇಲೆ ಆ ನೀರು ತೊಟ್ಟಿಯಲ್ಲಿಯಂತೆ ಹಿಂದೆಮುಂದೆ ತೂಗುತ್ತದೆ. ಜಿನೀವಾ ಸರೋವರದ ದಡದಲ್ಲಿ ಹುಟ್ಟಿ ಬೆಳೆದ ವಿಜ್ಞಾನಿ ಫೋರೆಲ್ ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನೇ ಅಳೆದು ತೋರಿಸಿದ. ಅಲ್ಲಿ ಒಂದು ತೂಗಾಟಕ್ಕೆ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು. ಜಿನೀವಾದವರಿಗೆ ಇನ್ನೊಂದು ಕಾಟವಿದೆ, ಬೀಸ್ ಎಂಬ ಈಶಾನ್ಯದ ಚಳಿಗಾಳಿ. 2005ರ ಜನವರಿಯಲ್ಲಿ ಅದು ಎಬ್ಬಿಸಿದ ತುಂತುರು ವೆರ್ಸುವಾ ಊರಿನ ದಡದಲ್ಲಿದ್ದ ದೋಣಿ, ಕಾರು, ಬೆಂಚುಗಳ ಮೇಲೆಲ್ಲ ಬಿದ್ದಲ್ಲೇ ಹೆಪ್ಪುಗಟ್ಟಿ ದಪ್ಪ ಹಿಮದ ಕವಚವಾಯಿತು. ಸ್ವಿಟ್ಜರ್ಲೆಂಡಿನ ಸರೋವರಗಳ ದಡದಲ್ಲಿ ಕಿತ್ತಳೆ ದೀಪಗಳನ್ನು ನಿಲ್ಲಿಸಿದ್ದಾರೆ. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿಯ ಸೂಚನೆ, 90 ಸಲವಾದರೆ ಬಿರುಗಾಳಿ. ನೀರಿನ ನಡುವಿನಿಂದಲೂ ಕಾಣುವ, ಓದಲು ಬಾರದವರಿಗೂ ತಿಳಿಯುವ ಈ ಏರ್ಪಾಟಿಗಿಂತ ಒಳ್ಳೆಯದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಬಿರುಗಾಳಿಗೆ ಷಿಕಾಗೋದವರು ಕಂಡುಕೊಂಡ ಪರಿಹಾರ ಬೇರೆಯೇ. ಮಿಷಿಗನ್ ಸರೋವರದ ಉದ್ದ ಸುಮಾರು 490 ಕಿಲೋಮೀಟರ್, ಉತ್ತರದ ಗಾಳಿಗೆ ಅಷ್ಟೂ ದೂರ ಓಡಲು ಮೈದಾನ. ಅಲ್ಲಿನ ಅಲೆಗೆ ಸಮುದ್ರದ ಗತ್ತಿದೆ. ಅದಕ್ಕೇ ತಡೆಗೋಡೆ ಕಟ್ಟಿ, ಅದರ ಒಳಗೆ ಮನ್ರೋ ಬಂದರಿನಲ್ಲಿ ಸಾಲುಸಾಲಾಗಿ ಬೋಯಗಳನ್ನು ಹಾಕಿದ್ದಾರೆ. ಮಾಲೀಕರು ದಡದಿಂದ ಚಿಕ್ಕ ಸಾಗಣೆ ದೋಣಿಯಲ್ಲಿ ತಮ್ಮ ದೋಣಿಗೆ ಹೋಗಬೇಕು. ಚಳಿಗಾಲಕ್ಕೆ ಎಲ್ಲವನ್ನೂ ನೀರಿನಿಂದ ಎತ್ತಿಬಿಡುತ್ತಾರೆ.

ನಮ್ಮ ಕಡೆ ಇನ್ನೂ ಸರಳ ದಾರಿಯೊಂದಿದೆ: ಕಟ್ಟುವ ಗೋಜೇ ಬೇಡ, ಎತ್ತಿಬಿಡುವುದು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮುಂಗಾರಿನ ಗಾಳಿ ನಂಬಿಕೊಂಡು ಜುಲೈನಲ್ಲಿ ನಡೆಯುವ ಸ್ಪರ್ಧೆಗಳಲ್ಲಿ ಓಡುವುದು ಲೇಸರ್, ಆಪ್ಟಿಮಿಸ್ಟ್‌ನಂಥ ಡಿಂಗಿಗಳು. ಲೇಸರ್‌ನ ಮೈ ತೂಕ 60 ಕಿಲೋದೊಳಗೆ, ಮಕ್ಕಳ ಆಪ್ಟಿಮಿಸ್ಟ್ 35 ಕಿಲೋ. ಇಂಥವನ್ನು ಕಟ್ಟಿ ಬಿಟ್ಟರೆ ಹಾಯಿಕಂಬದ ಮೇಲಿನ ಗಾಳಿಯಿಂದಲೇ ಮಗುಚುವ ಭಯವಿದೆ. ಚಕ್ರದ ಗಾಡಿಯನ್ನು ಇಳಿಜಾರಿನಲ್ಲಿ ನೀರಿಗಿಳಿಸಿ, ದೋಣಿ ಅದರ ಮೇಲೆ ಕೂರಿಸಿ, ಮೂತಿಯನ್ನು ಗಾಳಿಗೆ ಮಾಡಿ ನಿಲ್ಲಿಸುವುದೇ ಅಲ್ಲಿನ ಕ್ರಮ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ಕಲಿಯುವುದೂ ಹೀಗೆಯೇ ಹಗುರ ದೋಣಿಗಳಲ್ಲಿ.

ತೂಕದ ದೋಣಿಗಳನ್ನು ಕೆಆರ್‌ಎಸ್‌ನಂಥ ಜಲಾಶಯದಲ್ಲಿ ಇಡುತ್ತೇವೆಂದರೆ ಸಮಸ್ಯೆ ಗಾಳಿಯದೊಂದೇ ಅಲ್ಲ. ಅಣೆಕಟ್ಟಿನ ಗರಿಷ್ಠ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ಅದಕ್ಕಿಂತ ನಲವತ್ತು ಅಡಿ ಕೆಳಗಿಳಿದ ವರ್ಷಗಳೂ ಇವೆ. ಕಲ್ಲಿನಲ್ಲೋ ಕಾಂಕ್ರೀಟಿನಲ್ಲೋ ಕಟ್ಟಿದ ಜೆಟ್ಟಿ ಅಕ್ಟೋಬರ್‌ನಲ್ಲಿ ನೀರಿನಲ್ಲಿದ್ದರೆ ಏಪ್ರಿಲ್‌ನಲ್ಲಿ ಹೊಲದ ನಡುವೆ ಇರುತ್ತದೆ. ಯುರೋಪಿನ ಬಂದರುಗಳ ನಕ್ಷೆ ಇಲ್ಲಿಗೆ ಹೊಂದುವುದಿಲ್ಲ. ಇಲ್ಲಿಗೆ ಬೇಕಾದದ್ದು ನೀರಿನೊಂದಿಗೆ ಏರಿಳಿಯುವ ತೇಲು ಜೆಟ್ಟಿ, ದಡ ಹಿಂದೆ ಸರಿದಂತೆ ಎಳೆದು ಮುಂದಿಡಬಹುದಾದದ್ದು. ಜೊತೆಗೆ ಆಳದ ಭಾಗದಲ್ಲಿ ಉದ್ದ ಸರಪಳಿಯ ಬೋಯ. ಸರಪಳಿಯನ್ನು ತುಂಬಿದ ಮಟ್ಟಕ್ಕೆ ಅಳೆದು ಹಾಕಬೇಕು. ನೀರು ಇಳಿದಾಗ ಅದೇ ಸರಪಳಿಯಲ್ಲಿ ದೋಣಿ ದೊಡ್ಡ ಸುತ್ತು ಸುತ್ತುವುದರಿಂದ ಬೋಯಗಳ ನಡುವೆ ಅಂತರ ಹೆಚ್ಚು ಬಿಡಬೇಕು. ಮುಂಗಾರಿನ ನೈಋತ್ಯ ಗಾಳಿ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಒಂದೇ ಕಡೆಯಿಂದ ಬರುವುದರಿಂದ ಯಾವ ದಡದ ಮರೆಯಲ್ಲಿ ಇವನ್ನು ಹಾಕಬೇಕೆಂದು ನಿರ್ಧರಿಸುವುದು ಗಾರ್ಡಾದಷ್ಟು ಕಷ್ಟವಲ್ಲ. ಹಿನ್ನೀರಿಗೆ ಇನ್ನೊಂದು ಅನುಕೂಲವಿದೆ, ಸಹಜ ಸರೋವರಗಳವರಿಗೆ ಅದು ಸಿಗುವುದಿಲ್ಲ. ಅವರು ಮುಳುಗುಗಾರರನ್ನು ಇಳಿಸಿ ತಳ ತಡಕಬೇಕು. ಇಲ್ಲಿ ನೀರು ತೀರ ಇಳಿದ ವರ್ಷ ಏಪ್ರಿಲ್ ಮೇ ತಿಂಗಳಲ್ಲಿ ತಳದ ಬಹುಭಾಗ ಬಿಸಿಲಿಗೆ ಬಿದ್ದಿರುತ್ತದೆ. ಮಣ್ಣು ಎಂಥದ್ದು, ಮುಳುಗಿದ ಮರದ ಬೊಡ್ಡೆ ಎಲ್ಲಿದೆ, ಹಳೇ ಗೋಡೆ ಎಲ್ಲಿದೆ ಎಂದು ನಡೆದೇ ನೋಡಿ, ತಿರುಪಿನ ಲಂಗರನ್ನು ನಿಂತುಕೊಂಡೇ ತಿರುಗಿಸಿ ಇಳಿಸಿ, ಟ್ರ್ಯಾಕ್ಟರ್ ಕಟ್ಟಿ ಎಳೆದು ಹಿಡಿತ ಪರೀಕ್ಷಿಸಬಹುದು. ಜೂನ್ ಮಳೆಗೆ ಮೊದಲು ಮುಗಿಸಿದರಾಯಿತು.